ಶೆಡ್ಡಿನ ಹಳೆ ಜೀಪು ರಸ್ತೆಗೆ: ಕೊನೆಯ ಹಂತದ ಕೆಲಸ ಯಾವ ಕ್ರಮದಲ್ಲಿ ಮಾಡಬೇಕು?

ಕೊಡಗಿನ ಕಾಫಿ ತೋಟಗಳಲ್ಲಿ ಹಳೆ ಜೀಪು ಇಲ್ಲದ ಊರಿಲ್ಲ. ಗೊಬ್ಬರ ಹೊತ್ತು, ಕಾಫಿ ಮೂಟೆ ಹೊತ್ತು, ಜಡಿಮಳೆಯಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಗಾಡಿಗಳು ಅವು. ಈಗ ಎಷ್ಟೋ ಮನೆಗಳಲ್ಲಿ ಅವನ್ನು ರಿಸ್ಟೋರ್ ಮಾಡುವ ಕೆಲಸ ನಡೆಯುತ್ತಿದೆ. ಬಾಡಿ ಬಿಚ್ಚುತ್ತಾರೆ, ಟಿಂಕರಿಂಗ್ ಆಗುತ್ತದೆ, ಎಂಜಿನ್ ಬೋರಿಂಗ್‌ಗೆ (ಸವೆದ ಸಿಲಿಂಡರ್ ಕೊರೆದು ಸರಿಮಾಡಲು) ಹೋಗಿ ಬರುತ್ತದೆ, ಹೊಸ ಪೇಂಟೂ ಬೀಳುತ್ತದೆ. ನೋಡಲು ಬಂದವರೆಲ್ಲ ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಗೆ ಕೆಲಸ ನಿಂತುಬಿಡುತ್ತದೆ. ವರ್ಷ ಕಳೆದರೂ ಜೀಪು ಗೇಟು ದಾಟುವುದಿಲ್ಲ.

ಇದಕ್ಕೆ ದುಡ್ಡಿನ ಕೊರತೆಗಿಂತ ಕೆಲಸದ ಕ್ರಮ ತಪ್ಪಿದ್ದೇ ಜಾಸ್ತಿ ಕಾರಣ. ಪೇಂಟ್ ಮೊದಲು, ಎಂಜಿನ್ ಆಮೇಲೆ, ಬ್ರೇಕ್ ಕೊನೆಗೆ, ಆರ್‌ಸಿ ಯಾವಾಗಲೋ. ನಾನು ಹೇಳುವುದು ಇದರ ಉಲ್ಟಾ: ಮೊದಲು ಕಾಗದ, ಆಮೇಲೆ ಬ್ರೇಕ್, ಅದಾದ ಮೇಲೆ ಎಂಜಿನ್. ನಮ್ಮದು ಗುಡ್ಡದ ಜಿಲ್ಲೆ. ಇಲ್ಲಿ ಓಡದ ಜೀಪಿನಿಂದ ಯಾರಿಗೂ ಅಪಾಯ ಇಲ್ಲ, ನಿಲ್ಲದ ಜೀಪಿನಿಂದ ಇದೆ.

ಇಲ್ಲಿ ಕೊಟ್ಟಿರುವ ಅಳತೆಗಳು ನಮ್ಮಲ್ಲಿ ಬಹಳ ಕಾಣಸಿಗುವ ಮಹೀಂದ್ರಾ ಸಿಜೆ 3ಬಿ ಪೆಟ್ರೋಲ್ ಜೀಪಿನವು. ಬಾನೆಟ್ ಎತ್ತರ ಇರುವ ಮಾಡೆಲ್ ಅದು. ಅದರ 2.2 ಲೀಟರ್ ಹರಿಕೇನ್ ಎಂಜಿನ್‌ನಲ್ಲಿ ಇನ್ಲೆಟ್ ವಾಲ್ವ್ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕ್‌ನಲ್ಲಿ ಇದೆ. ಹಾಗಾಗಿ ಎಂಜಿನ್ ಎತ್ತರ, ಬಾನೆಟ್ಟೂ ಎತ್ತರ. ಬೇರೆ ಹಳೆ ಗಾಡಿಯಾದರೆ ಅಳತೆ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ಕಾಗದ ಪತ್ರ

ಆರ್‌ಸಿ ಕೈಯಲ್ಲಿ ಹಿಡಿದುಕೊಂಡು ಜೀಪಿನ ಹತ್ತಿರ ಹೋಗಿ. ನಾಲ್ಕು ವಿಷಯ ತಾಳೆ ನೋಡಿ: ಚಾಸಿಸ್ ನಂಬರ್, ಎಂಜಿನ್ ನಂಬರ್, ಇಂಧನ, ಬಣ್ಣ. ಚಾಸಿಸ್ ನಂಬರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಗ್ರೈಂಡರ್ ಹಿಡಿಯುವವರಿಗೂ ಸ್ಯಾಂಡ್ ಬ್ಲಾಸ್ಟ್ ಮಾಡುವವರಿಗೂ ಆ ಜಾಗ ತೋರಿಸಿ, ಟೇಪ್ ಸುತ್ತಿಸಿ. ಅಳಿಸಿಹೋದ ನಂಬರ್ ಇಟ್ಟುಕೊಂಡು ಆರ್‌ಟಿಒ ಮುಂದೆ ನಿಲ್ಲುವ ಕಷ್ಟ ಯಾರಿಗೂ ಬೇಡ.

ನಮ್ಮ ಕಡೆ ಸಾಮಾನ್ಯವಾಗಿ ಎದುರಾಗುವುದು ಮೂರು ತೊಡಕು.

ಒಂದು, ಗಾಡಿ ತೀರಿಹೋದ ತಾತನ ಹೆಸರಿನಲ್ಲೇ ಇರುತ್ತದೆ. ವಾರಸುದಾರರು ಫಾರಂ 31 ತುಂಬಿ, ಮರಣ ಪ್ರಮಾಣಪತ್ರ ಮತ್ತು ಬೇರೆ ವಾರಸುದಾರರ ಒಪ್ಪಿಗೆ ಸೇರಿಸಿ ಅರ್ಜಿ ಕೊಡಬೇಕು. ಅಣ್ಣ ತಮ್ಮಂದಿರು, ಅಕ್ಕ ತಂಗಿಯರೆಲ್ಲ ಹುತ್ತರಿ ಹಬ್ಬಕ್ಕೆ ಮನೆಗೆ ಬಂದಾಗ ಸಹಿ ಹಾಕಿಸಿಕೊಂಡರೆ ಆರು ತಿಂಗಳ ಓಡಾಟ ಉಳಿಯುತ್ತದೆ.

ಎರಡು, ನೋಂದಣಿ ಅವಧಿ ಮುಗಿದಿರುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ಫಾರಂ 25ರಲ್ಲಿ ನವೀಕರಣ. 2025ರ ಆಗಸ್ಟ್ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಲಘು ವಾಹನಕ್ಕೆ ಈ ಶುಲ್ಕ 10,000 ರೂಪಾಯಿ ಆಗಿದೆ. ಹಸಿರು ತೆರಿಗೆ ಬೇರೆ. ಕೆಎ ಸರಣಿಗಿಂತ ಹಿಂದಿನ ನಂಬರ್ ಆದರೆ ಹಳೆ ರಿಜಿಸ್ಟರ್‌ನಿಂದ ಕಂಪ್ಯೂಟರ್‌ಗೆ ಏರಿಸುವ ಕೆಲಸವೂ ಇರಬಹುದು. ಅದಕ್ಕೇ ಇದನ್ನು ವೆಲ್ಡಿಂಗ್ ಶುರುವಾದ ದಿನವೇ ಶುರು ಮಾಡಿ ಅನ್ನುತ್ತೇನೆ.

ಮೂರು, ಪೆಟ್ರೋಲ್ ಉಳಿಸಲು ಯಾವ ಕಾಲದಲ್ಲೋ ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ, ಆರ್‌ಸಿಯಲ್ಲಿ ಮಾತ್ರ ಪೆಟ್ರೋಲ್ ಅಂತಲೇ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿ ವಿವರ ಬದಲಾಗುವಂಥ ಮಾರ್ಪಾಡು ಹಾಗೇ ಸುಮ್ನೆ ಮಾಡುವಂತಿಲ್ಲ. ಅಪಘಾತ ಆದರೆ ವಿಮೆಯವರು ಮೊದಲು ಹಿಡಿಯುವುದು ಇದನ್ನೇ. ಆರ್‌ಸಿಯಲ್ಲಿ ಇರುವಂಥದ್ದೇ ಎಂಜಿನ್ ಹುಡುಕಿ ಕೂರಿಸಿ, ಅದರ ನಂಬರ್ ಆರ್‌ಸಿಗೆ ಏರಿಸಿಕೊಳ್ಳುವುದೇ ಸರಿಯಾದ ದಾರಿ.

ಬಣ್ಣದ ವಿಷಯ ಒಂದು ಇದೆ. ಜೀಪು ಅಂದರೆ ಮಿಲಿಟರಿ ಹಸಿರು ಅಂತ ಎಲ್ಲರಿಗೂ ಆಸೆ. ಸೈನ್ಯಕ್ಕೂ ಕೊಡಗಿಗೂ ಇರುವ ನಂಟಿಗೆ ಆ ಆಸೆ ಸಹಜವೇ. ಆದರೆ ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಬೇರೆ ಬಣ್ಣ ಆರಿಸಿ, ಆ ಬದಲಾವಣೆಯನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಿ.

ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಅವಧಿ, ನಂಬರಿನಲ್ಲಿ ವಿಎ ಅಕ್ಷರ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ, ಇಷ್ಟಕ್ಕೇ ರಸ್ತೆಗೆ ಇಳಿಸಬಹುದು. ಗೋಣಿಕೊಪ್ಪದ ಸಂತೆಗೆ, ನಾಪೋಕ್ಲಿನ ನೆಂಟರ ಮನೆಗೆ ಓಡಿಸುವ ಆಸೆ ಇದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿ.

ಕಾಗದ ಸರಿಯಾಗುವವರೆಗೆ ಜೀಪು ಓಡುವುದು ನಿಮ್ಮ ತೋಟದೊಳಗೆ ಮಾತ್ರ. ಆರ್‌ಟಿಒ ತಪಾಸಣೆಗೆ ಲಾರಿಯಲ್ಲಿ ಹಾಕಿಕೊಂಡು ಹೋಗಿ.

ಎರಡನೇ ಹೆಜ್ಜೆ: ಬ್ರೇಕ್

ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಎಲ್ಲಕ್ಕೂ ಒಂದೇ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ), ಒಂದೇ ಲೈನ್. ಈಗಿನ ಕಾರುಗಳಲ್ಲಿ ಒಂದು ಪೈಪ್ ಒಡೆದರೂ ಇನ್ನೊಂದು ಲೈನ್ ಕೆಲಸ ಮಾಡುತ್ತದೆ. ಈ ಜೀಪಿನಲ್ಲಿ ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ಅದಕ್ಕೇ ಇಲ್ಲಿ ಹಳೆಯದನ್ನು ಒರೆಸಿ ಬಳಸುವ ಮಾತೇ ಬೇಡ. ಪೈಪ್‌ಗಳು, ಮೆತ್ತನೆ ಹೋಸ್‌ಗಳು, ವೀಲ್ ಸಿಲಿಂಡರ್ ಕಿಟ್‌ಗಳು ಎಲ್ಲ ಹೊಸದೇ ಇರಲಿ. ಸಾದಾ ತಾಮ್ರದ ಪೈಪ್ ಬಗ್ಗಿಸಲು ಸುಲಭ ಅಂತ ಕೆಲವರು ಹಾಕುತ್ತಾರೆ. ಅದು ಅದುರಾಟಕ್ಕೆ ಗಟ್ಟಿಯಾಗುತ್ತಾ ಹೋಗಿ ಬಿರುಕು ಬಿಡುತ್ತದೆ. ಸ್ಟೀಲ್ ಅಥವಾ ಕಾಪರ್ ನಿಕಲ್ ಪೈಪ್ ಹಾಕಿ.

ಹಳೆ ಡ್ರಮ್ ಬಿಚ್ಚುವಾಗ ಒಳಗಿನ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಬ್ರೇಕ್ ಲೈನಿಂಗ್‌ನಲ್ಲಿ (ಡ್ರಮ್‌ಗೆ ಉಜ್ಜುವ ಪಟ್ಟಿ) ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಹೊಸ ಲೈನಿಂಗ್ ಡ್ರಮ್‌ಗೆ ಸರಿಯಾಗಿ ಕೂರುತ್ತಿದೆಯಾ ಅಂತ ನೋಡಲು ಒಂದು ಸೀಮೆಸುಣ್ಣ ಸಾಕು. ಡ್ರಮ್ ಒಳಮೈಗೆ ತೆಳ್ಳಗೆ ಬಳಿಯಿರಿ. ಶೂವನ್ನು, ಅಂದರೆ ಲೈನಿಂಗ್ ಕೂರಿಸಿದ ಬಾಗಿದ ಭಾಗವನ್ನು, ಕೈಯಲ್ಲಿ ಒತ್ತಿ ಹಿಡಿದು ಒಮ್ಮೆ ಜಾರಿಸಿ, ತೆಗೆದು ನೋಡಿ. ಸುಣ್ಣ ಉದ್ದಕ್ಕೂ ಹತ್ತಿದ್ದರೆ ಸರಿ. ಎರಡು ತುದಿಗೆ ಮಾತ್ರ ಹತ್ತಿದ್ದರೆ, ಅಥವಾ ನಡುವೆ ಮಾತ್ರ ಹತ್ತಿದ್ದರೆ, ಶೂವಿನ ಬಾಗು ಡ್ರಮ್‌ಗೆ ಹೊಂದಿಲ್ಲ. ಡ್ರಮ್ ಲೇತ್‌ಗೆ ಹೋಗಿ ಬಂದ ಮೇಲೆ ಹೀಗಾಗುವುದು ಜಾಸ್ತಿ, ಏಕೆಂದರೆ ಒಳ ಅಳತೆ ದೊಡ್ಡದಾಗಿರುತ್ತದೆ. ಶೂವನ್ನು ಆ ಡ್ರಮ್ ಅಳತೆಗೇ ಉಜ್ಜಿಸಬೇಕು. ಹಾಗೇ ಹಾಕಿದರೆ ಬ್ರೇಕ್ ಒಂದು ಕಡೆ ಎಳೆಯುತ್ತದೆ, ಒದ್ದೆ ರಸ್ತೆಯಲ್ಲಿ ಗಾಡಿ ತಿರುಗಿಕೊಳ್ಳುತ್ತದೆ.

ಇನ್ನೊಂದು ಜಾಗ ಪೆಡಲ್. ಕಾಲಿಟ್ಟ ಕೂಡಲೇ ಬ್ರೇಕ್ ಹಿಡಿಯಲಿ ಅಂತ ಮೇಸ್ತ್ರಿಗಳು ಪೆಡಲ್‌ನ ಸಡಿಲ ಪೂರ್ತಿ ತೆಗೆದುಬಿಡುತ್ತಾರೆ. ಇದು ಘಾಟಿಯಲ್ಲಿ ಅಪಾಯ. ಪೆಡಲ್ ಬಿಟ್ಟಾಗ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಬೇಕು. ಆಗ ಮಾತ್ರ ಅದರೊಳಗಿನ ಒಂದು ಸೂಜಿ ಮೊನೆಯಷ್ಟು ತೂತು ತೆರೆದು, ಬಿಸಿಗೆ ಹಿಗ್ಗಿದ ಆಯಿಲ್ ಮೇಲಿನ ತೊಟ್ಟಿಗೆ ವಾಪಸ್ ಹೋಗುತ್ತದೆ. ಸಡಿಲವೇ ಇಲ್ಲದಿದ್ದರೆ ಆ ತೂತು ಮುಚ್ಚಿಯೇ ಇರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗುತ್ತದೆ, ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲದೆ ಶೂವನ್ನೇ ತಳ್ಳುತ್ತದೆ, ಅದರಿಂದ ಇನ್ನೂ ಬಿಸಿ. ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ. ಕೊನೆಗೆ ಆಯಿಲ್ ಕುದಿದು ಪೆಡಲ್ ತಳಕ್ಕೆ ಹೋಗುತ್ತದೆ. ಪೆಡಲ್‌ನಲ್ಲಿ ಅರ್ಧ ಇಂಚು ಸಡಿಲ ಇರಲೇಬೇಕು. ಕೈಬೆರಳಿನಲ್ಲಿ ಒತ್ತಿ, ಸ್ಕೇಲ್ ಹಿಡಿದು ನೋಡಿ.

ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರ್ ಕಾಲಿನ ಅಡಿ, ನೆಲದ ಕೆಳಗೆ. ತೋಟದ ಕೆಸರೆಲ್ಲ ಅಲ್ಲಿಗೇ ಎರಚುತ್ತದೆ. ಅದರ ಮುಚ್ಚಳದ ಗಾಳಿತೂತು ಕಟ್ಟಿಕೊಂಡರೂ ಮೇಲೆ ಹೇಳಿದ್ದೇ ತೊಂದರೆ. ಮುಚ್ಚಳ ಬಿಚ್ಚುವ ಮುನ್ನ ಸುತ್ತ ತೊಳೆದು ಒರೆಸಿ.

ಬ್ರೇಕ್ ಲೈನಿನೊಳಗಿನ ಏರ್ ತೆಗೆಯುವಾಗ ದೂರದ ಚಕ್ರದಿಂದ ಶುರು ಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಆದ ಮೇಲೆ ಪೆಡಲ್ ಮೇಲೆ ಜೋರಾಗಿ ಒಂದು ನಿಮಿಷ ನಿಲ್ಲಿ. ನಿಧಾನಕ್ಕೆ ಕೆಳಗೆ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಡಾಟ್ 3 ಅಥವಾ ಡಾಟ್ 4 ಆಯಿಲ್ ಹಾಕಿ. ಇವು ಗಾಳಿಯಲ್ಲಿನ ತೇವ ಹೀರುತ್ತವೆ. ನಮ್ಮ ಮಳೆಗೆ ವರ್ಷಕ್ಕೊಮ್ಮೆ ಬದಲಿಸುವುದೇ ಒಳ್ಳೆಯದು, ಮಳೆಗಾಲ ಮುಗಿದ ಕೂಡಲೇ.

ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ ಪ್ರೊಪೆಲ್ಲರ್ ಶಾಫ್ಟ್‌ಗೆ. ಗಾಡಿ ಪೂರ್ತಿ ನಿಂತ ಮೇಲೆ ಮಾತ್ರ ಎಳೆಯಿರಿ. ಎಡಗಡೆ ಚಕ್ರಗಳ ನಟ್ ಎಷ್ಟೋ ಹಳೆ ಜೀಪುಗಳಲ್ಲಿ ಉಲ್ಟಾ ಥ್ರೆಡ್‌ನವು. ಗೊತ್ತಿಲ್ಲದೆ ಬಲ ಹಾಕಿದರೆ ಸ್ಟಡ್ ಮುರಿಯುತ್ತದೆ.

ಮೂರನೇ ಹೆಜ್ಜೆ: ಪೆಟ್ರೋಲ್ ಲೈನ್

ಈಗ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಹಳೆ ರಬ್ಬರ್ ಹೋಸ್, ಪಂಪಿನ ಡಯಾಫ್ರಾಮ್, ಕಾರ್ಬೋರೇಟರ್ ಪ್ಯಾಕಿಂಗ್ ಇದಕ್ಕೆ ಮೆತ್ತಗಾಗಿ ಊದಿಕೊಳ್ಳುತ್ತವೆ. ಎಥನಾಲ್ ನೀರನ್ನೂ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲದ ಕಡೆ ಬಟ್ಟೆಯೇ ಒಣಗುವುದಿಲ್ಲ. ಅಂಥ ಗಾಳಿಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ತಳದಲ್ಲಿ ನೀರು ಬೇರೆಯಾಗಿ ನಿಲ್ಲುತ್ತದೆ, ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಎಥನಾಲ್ ತಡೆಯುವ ಹೋಸ್ ಮತ್ತು ಕಿಟ್ ಕೇಳಿ ಹಾಕಿಸಿ, ಪಂಪಿಗಿಂತ ಮೊದಲು ಪಾರದರ್ಶಕ ಫಿಲ್ಟರ್ ಒಂದು ಇರಲಿ. ಟ್ಯಾಂಕ್ ಇರುವುದು ಸೀಟಿನ ಅಡಿಯಲ್ಲೇ. ಸೋರಿಕೆ ಇದ್ದರೆ ನೀವು ಕೂತಿರುವುದು ಅದರ ಮೇಲೆ. ಬೆಂಕಿ ಆರಿಸುವ ಸಿಲಿಂಡರ್ ಒಂದನ್ನು ಕೈಗೆಟುಕುವ ಕಡೆ ಕಟ್ಟಿಕೊಳ್ಳಿ.

ನಾಲ್ಕನೇ ಹೆಜ್ಜೆ: ಎಂಜಿನ್ ಸ್ಟಾರ್ಟ್

ಬೋರಿಂಗ್ ಆದ ಎಂಜಿನ್‌ಗೆ ಒಮ್ಮೆಲೇ ಸೆಲ್ಫ್ ಹೊಡೆದು ಸ್ಟಾರ್ಟ್ ಮಾಡಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ, ಆಯಿಲ್ ಪ್ರೆಷರ್ ಮುಳ್ಳು ಮೇಲೇಳುವವರೆಗೆ ಸುಮ್ನೆ ತಿರುಗಿಸಿ. ಮುಳ್ಳು ಏಳದಿದ್ದರೆ ಅಲ್ಲೇ ನಿಲ್ಲಿಸಿ, ಕಾರಣ ಹುಡುಕಿ.

ಅಳತೆಗಳು ಹೀಗಿವೆ. ಟ್ಯಾಪೆಟ್ ಸಂದು (ವಾಲ್ವ್ ಬಳಿಯ ಸಡಿಲ) ಎಂಜಿನ್ ತಣ್ಣಗಿದ್ದಾಗ, ಇನ್ಲೆಟ್ 0.018 ಇಂಚು, ಎಕ್ಸಾಸ್ಟ್ 0.016 ಇಂಚು. ಡಿಸ್ಟ್ರಿಬ್ಯೂಟರ್ ಪಾಯಿಂಟ್ ಗ್ಯಾಪ್ 0.020, ಪ್ಲಗ್ ಗ್ಯಾಪ್ 0.030 ಇಂಚು. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ) 1-3-4-2. ಕಿಡಿಯ ಟೈಮಿಂಗ್ ಟಾಪ್ ಡೆಡ್ ಸೆಂಟರ್‌ಗಿಂತ (ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗ) 5 ಡಿಗ್ರಿ ಮುಂಚೆ. ಕ್ಯಾಮ್ ಶಾಫ್ಟ್ ಹೊಸದಾದರೆ ಜಿಂಕ್ ಇರುವ ಆಯಿಲ್ ಹಾಕಿ, ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ 1,500ರಿಂದ 2,000 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್ ಹಿಡಿದು ಮತ್ತೊಮ್ಮೆ ನೋಡಿ.

ಕಾರ್ಬೋರೇಟರ್ ಟ್ಯೂನಿಂಗ್ ನೀವಿರುವ ಎತ್ತರದಲ್ಲೇ ಆಗಲಿ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು. ಮಂಗಳೂರಿನಲ್ಲಿ ಸೆಟ್ ಮಾಡಿದ ಗಾಡಿ ಇಲ್ಲಿಗೆ ಬಂದರೆ ಪೆಟ್ರೋಲ್ ಜಾಸ್ತಿ ಕುಡಿದು ಕಪ್ಪು ಹೊಗೆ ಬಿಡುತ್ತದೆ. ಹಳೆ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇಕಡಾ 3. ಟ್ಯೂನಿಂಗ್ ಸರಿ ಇದ್ದರೆ ಈ ಜೀಪು ಎಮಿಷನ್ ಟೆಸ್ಟ್ ಪಾಸಾಗುತ್ತದೆ.

ರೇಡಿಯೇಟರ್‌ಗೆ ತೋಡಿನ ನೀರು ತುಂಬುವ ಅಭ್ಯಾಸ ಬಿಡಿ, ಕೂಲೆಂಟ್ ಹಾಕಿ. ಥರ್ಮೋಸ್ಟಾಟ್ ಕಿತ್ತುಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮಡಿಕೇರಿಯ ಚಳಿಯಲ್ಲಿ ಎಂಜಿನ್ ಬಿಸಿಯೇ ಆಗದೆ ಬೋರ್ ಬೇಗ ಸವೆಯುತ್ತದೆ.

ಐದನೇ ಹೆಜ್ಜೆ: ವೈರಿಂಗ್

ಹೊಸ ಪೇಂಟ್ ಆದ ಜೀಪಿನಲ್ಲಿ ಲೈಟ್ ಮಂಕು, ಹಾರ್ನ್ ಗೊರಗೊರ, ಇಂಡಿಕೇಟರ್ ಹಾಕಿದರೆ ಪಾರ್ಕ್ ಲೈಟ್ ಮಿಣುಕು. ವೈರಿಂಗ್ ಹೊಸದೇ ಇರುತ್ತದೆ, ಕಾರಣ ಪೇಂಟ್. ಈ ಗಾಡಿಯಲ್ಲಿ ಬಾಡಿಯೇ ಅರ್ಥಿಂಗ್. ಬೋಲ್ಟ್ ಅಡಿಯ ದಪ್ಪ ಪೇಂಟ್ ಕರೆಂಟ್ ತಡೆಯುತ್ತದೆ. ಒಂದು ವೈರ್ ತೆಗೆದುಕೊಂಡು ಬ್ಯಾಟರಿ ನೆಗೆಟಿವ್‌ನಿಂದ ಲೈಟಿನ ಕವಚಕ್ಕೆ ಮುಟ್ಟಿಸಿ ನೋಡಿ. ಲೈಟ್ ಜೋರಾದರೆ ಸಿಕ್ಕಿಬಿತ್ತು. ಆ ಬೋಲ್ಟ್ ಜಾಗದಲ್ಲಿ ತಗಡು ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿ. ಎಂಜಿನ್‌ನಿಂದ ಚಾಸಿಸ್‌ಗೆ, ಚಾಸಿಸ್‌ನಿಂದ ಬಾಡಿಗೆ ಒಂದೊಂದು ದಪ್ಪ ಪಟ್ಟಿ ಕೊಡಿ. ಫ್ಯೂಸ್ ಬಾಕ್ಸ್ ಹಾಕಿಸುವುದಂತೂ ಬಿಡಲೇಬೇಡಿ.

ವೈಪರ್ ಎಂಜಿನ್ ವ್ಯಾಕ್ಯೂಮ್‌ನಿಂದ ಓಡುವುದಾದರೆ ತೆಗೆದು ಎಲೆಕ್ಟ್ರಿಕ್ ಮೋಟಾರ್ ಹಾಕಿ. ಹಳೆಯದೇ ಇರಲಿ ಅನ್ನುವವರನ್ನು ನಾನು ಗೌರವಿಸುತ್ತೇನೆ, ಆದರೆ ಈ ಒಂದು ವಿಷಯದಲ್ಲಿ ಒಪ್ಪುವುದಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ವ್ಯಾಕ್ಯೂಮ್ ಬೀಳುತ್ತದೆ, ವೈಪರ್ ನಿಲ್ಲುತ್ತದೆ. ಜುಲೈ ಮಳೆಯಲ್ಲಿ ಸಂಪಾಜೆ ಘಾಟಿ ಹತ್ತುವಾಗ ಏನೂ ಕಾಣದೇ ಹೋದರೆ? ಮಂಜಿಗೆ ಹಳದಿ ಲೈಟ್ ಕೆಳಮಟ್ಟದಲ್ಲಿ ಇರಲಿ.

ಸ್ಟೀರಿಂಗ್, ಟೈರ್

ಟೈರ್ ಮೈಮೇಲೆ ನಾಲ್ಕು ಅಂಕಿ ಇರುತ್ತದೆ. 1214 ಅಂದರೆ 2014ರ 12ನೇ ವಾರ. ತೋಟದ ಜೀಪಿನ ಟೈರ್ ಹಲ್ಲು ಸವೆಯುವ ಮೊದಲೇ ರಬ್ಬರ್ ಸಾಯುತ್ತದೆ. ಹತ್ತು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಇರಲಿ, ಬದಲಿಸಿ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಸಡಿಲ ಇದ್ದರೆ ಕಿಂಗ್‌ಪಿನ್ ಬೇರಿಂಗ್ ಅಥವಾ ವೀಲ್ ಬೇರಿಂಗ್. ಪಕ್ಕಕ್ಕೆ ಅಲ್ಲಾಡಿದರೆ ಟೈ ರಾಡ್ ಎಂಡ್ ಕಡೆಯೂ ನೋಡಿ. ಇದನ್ನು ಬಿಟ್ಟರೆ ಸ್ಪೀಡಿನಲ್ಲಿ ಗುಂಡಿ ಹಾರಿದಾಗ ಮುಂಭಾಗ ಪೂರ್ತಿ ನಡುಗುತ್ತದೆ.

ರಸ್ತೆಗೆ ಇಳಿಸುವುದು

ವಿಮೆ, ಎಮಿಷನ್, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಎಲ್ಲ ಇದೆ ಅಂತಿಟ್ಟುಕೊಳ್ಳಿ. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗೇಟು ದಾಟಬೇಡಿ. ಕಾಲ ನವೆಂಬರ್ ಕೊನೆ ಅಥವಾ ಡಿಸೆಂಬರ್ ಆದರೆ ಒಳ್ಳೆಯದು. ಮಳೆ ನಿಂತಿರುತ್ತದೆ, ರಸ್ತೆ ಒಣಗಿರುತ್ತದೆ.

ಮೊದಲು ತೋಟದೊಳಗೆ, ಕಣದ ಸುತ್ತ. ಮೊದಲನೇ ಗೇರಿಗೆ ಸಿಂಕ್ರೋ (ಓಡುವಾಗ ಗೇರ್ ಸಲೀಸಾಗಿ ಕೂರಿಸುವ ಭಾಗ) ಇಲ್ಲ, ಗಾಡಿ ನಿಂತ ಮೇಲೆಯೇ ಹಾಕಬೇಕು. ಬ್ರೇಕ್ ಹತ್ತಾರು ಸಲ ಮೆಲ್ಲಗೆ ಹಿಡಿದು ಬಿಡಿ. ಆಮೇಲೆ ಇಳಿದು ನಾಲ್ಕೂ ಡ್ರಮ್ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಶೂ ಬಿಟ್ಟಿಲ್ಲ. ಒಂದು ತಣ್ಣಗೇ ಇದ್ದರೆ ಅದು ಕೆಲಸವೇ ಮಾಡುತ್ತಿಲ್ಲ.

ಮುಂದಿನದು ಸಮತಟ್ಟು ರಸ್ತೆ. ಕುಶಾಲನಗರದ ಸುತ್ತಮುತ್ತ ಇದಕ್ಕೆ ಚೆನ್ನಾಗಿದೆ. ಭಾನುವಾರ ಬೆಳಗ್ಗೆ ಹೊರಡಿ, ಹಿಂದೆ ಒಂದು ಕಾರಿನಲ್ಲಿ ಗೆಳೆಯರು ಬರಲಿ. 50 ಕಿಲೋಮೀಟರ್ ಒಳಗೆ ವೀಲ್ ನಟ್, ಸ್ಪ್ರಿಂಗ್ ಯು ಬೋಲ್ಟ್, ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಮತ್ತೆ ಬಿಗಿಯಿರಿ. ಹೊಸ ಪೇಂಟ್ ಮೇಲೆ ಬಿಗಿದ ಬೋಲ್ಟ್ ಸಡಿಲ ಆಗಿಯೇ ಆಗುತ್ತದೆ.

ಅದು ಪಾಸಾದರೆ ಸುಂಟಿಕೊಪ್ಪ ಮೇಲಿಂದ ಮಡಿಕೇರಿಗೆ ಹತ್ತಿಸಿ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಸಂಪಾಜೆ, ಮಾಕುಟ್ಟ ಘಾಟಿಗಳು ಕೊನೆಗೆ. ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುವುದು ಈ ಡ್ರಮ್‌ಗಳಿಗೆ ಆಗದ ಕೆಲಸ. ಡಾಂಬರಿನ ಮೇಲೆ ಫೋರ್ ವೀಲ್ ಹಾಕಬೇಡಿ.

ಸಂಜೆ ಟ್ರಯಲ್ ಬೇಡ. ತಿತಿಮತಿ, ಸಿದ್ದಾಪುರ ಕಡೆ ಕತ್ತಲಾದ ಮೇಲೆ ಆನೆಗಳು ರಸ್ತೆ ದಾಟುತ್ತವೆ. ಇನ್ನೂ ನಂಬಿಕೆ ಹುಟ್ಟದ ಗಾಡಿ ಅಂಥ ಜಾಗದಲ್ಲಿ ಕೆಟ್ಟು ನಿಂತರೆ ಇಳಿದು ಬಾನೆಟ್ ಎತ್ತುವ ಹಾಗೂ ಇಲ್ಲ. ಬಾಗಿಲೇ ಇಲ್ಲದ ಜೀಪು ಬೇರೆ.

500 ಕಿಲೋಮೀಟರ್ ಆದ ಕೂಡಲೇ ಎಂಜಿನ್ ಆಯಿಲ್ ಬದಲಿಸಿ. ತೆಗೆದ ಆಯಿಲನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ಸಣ್ಣ ಹೊಳಪು ದೂಳು ಇದ್ದರೆ ಸಹಜ, ಚೂರುಗಳು ಕಂಡರೆ ಎಂಜಿನ್ ಕೆಲಸ ಮಾಡಿದವರನ್ನು ಕರೆಸಿ. ಟ್ಯಾಪೆಟ್ ಮತ್ತೊಮ್ಮೆ ಅಳೆಯಿರಿ, ಗೇರ್ ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಆಯಿಲ್ ಮಟ್ಟ ನೋಡಿ. ಎರಡರ ನಡುವಿನ ಸೀಲ್ ಸವೆದಿದ್ದರೆ ಒಂದರ ಆಯಿಲ್ ಇನ್ನೊಂದಕ್ಕೆ ಹೋಗುತ್ತದೆ.

ಮೊದಲ ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ, ಚಾಸಿಸ್ ಒಳಗೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿ, ನೀರು ಹೋಗುವ ತೂತುಗಳು ತೆರೆದಿವೆಯಾ ನೋಡಿ. ಜೀಪು ಓಡಿಸುವುದಿಲ್ಲ ಅಂದರೆ ಪೆಟ್ರೋಲ್ ಖಾಲಿ ಮಾಡಿ, ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡಿ, ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಡಿ. ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಒಳಗೆ ತೇವ ನಿಲ್ಲುತ್ತದೆ. ಇಲಿ ವೈರ್ ಕಡಿಯುತ್ತದೆ, ಅದಕ್ಕೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.